ಬದುವಿನ ಮೇಲೆ ತೆರೆಯದ ಸ್ಲೈಡು: ಹುಬ್ಬಳ್ಳಿಯ ಒಂದು ಡ್ರಿಪ್ ಕಂಪನಿಯ ಪ್ರಕರಣ

ಅಣ್ಣಿಗೇರಿ ಹತ್ತಿರದ ಒಂದು ಹಳ್ಳಿ. ಕೃಷಿ ಪತ್ತಿನ ಸಹಕಾರ ಸಂಘದ ಕಚೇರಿಯಲ್ಲಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹದಿನೈದಿಪ್ಪತ್ತು ರೈತರು ಸೇರಿದ್ದರು. ಹುಬ್ಬಳ್ಳಿಯಿಂದ ಬಂದಿದ್ದ ಡ್ರಿಪ್ (ಹನಿ ನೀರಾವರಿ) ಕಂಪನಿಯ ಹುಡುಗ ಹೊಸ ಟ್ಯಾಬ್ಲೆಟ್ ತೆಗೆದು, ಮೆಣಸಿನಕಾಯಿಗೆ ಡ್ರಿಪ್ ಹಾಕುವ ಬಗ್ಗೆ ಇದ್ದ ಸ್ಲೈಡು ತೆರೆದ. ತೆರೆ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ಗೀಟು, ಚುಕ್ಕಿ, ನಡುನಡುವೆ ಪೌಂಡ್ ಚಿಹ್ನೆ. ಕನ್ನಡದ ಒಂದಕ್ಷರವೂ ಇರಲಿಲ್ಲ. ಮುಂದೆ ಕೂತಿದ್ದ ಹಿರಿಯರೊಬ್ಬರು ಕೇಳಿದರು, "ತಮ್ಮಾ, ಇದು ಯಾವ ಭಾಷಾ?"

ಹುಡುಗ ಬ್ಯಾಗಿನಿಂದ ಹಳೇ ಕರಪತ್ರ ತೆಗೆದು ಹೇಗೋ ಮಾತು ಮುಗಿಸಿ ಬಂದ. ಮರುದಿನ ಕಂಪನಿಯ ಮಾಲೀಕರು ನನಗೆ ಫೋನ್ ಮಾಡಿದರು.

ನಾನು ಹುಬ್ಬಳ್ಳಿ-ಧಾರವಾಡದ ಸಣ್ಣ ವ್ಯಾಪಾರಗಳಿಗೆ ಕಂಪ್ಯೂಟರ್ ಮತ್ತು ಸಾಫ್ಟ್‌ವೇರ್ ಕೆಲಸ ಮಾಡಿಕೊಡುತ್ತೇನೆ. ಈ ಕಂಪನಿ ಮನೆಮಂದಿ ನಡೆಸುವಂಥದ್ದು. ಡ್ರಿಪ್, ಸ್ಪ್ರಿಂಕ್ಲರ್, ಪೈಪು, ಫಿಲ್ಟರು ಮಾರುತ್ತಾರೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಓಡಾಡುವ ಎಂಟು ಜನ ಇದ್ದಾರೆ. ಹೆಸರು ಹಾಕಬೇಡಿ, ಆದರೆ ನಡೆದದ್ದನ್ನು ಪೂರ್ತಿ ಬರೆಯಿರಿ ಅಂತ ಮಾಲೀಕರೇ ಹೇಳಿದ್ದಾರೆ. ಹಾಗಾಗಿ ತಪ್ಪಿದ ಕಡೆಯೂ ಸೇರಿಸಿ ಬರೆಯುತ್ತಿದ್ದೇನೆ.

ಅವರ ಪ್ರಶ್ನೆ ಸರಳವಾಗಿತ್ತು. "ಸರ, ಯಾವ ಟ್ಯಾಬ್ ಛಲೋ ಹೇಳ್ರಿ. ಎಂಟು ತಗೊಂಡು ಬಿಡ್ತೀವಿ. ಈಗ ತಂದಿದ್ದು ಸರಿ ಇಲ್ಲ ಅನಸ್ತೈತಿ."

ಟ್ಯಾಬ್ಲೆಟ್ ಸರಿಯಾಗೇ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ. ಆದರೆ ಪ್ರಶ್ನೆ ಕೇಳಿದ ಕೂಡಲೇ ಉತ್ತರ ಕೊಡುವ ಮನಸ್ಸು ನನಗಾಗಲಿಲ್ಲ. ಅಂಗಡಿಯಲ್ಲಿ ರ‍್ಯಾಮ್ ಎಷ್ಟು, ಕ್ಯಾಮೆರಾ ಎಷ್ಟು ಅಂತ ನೋಡಿ ಆರಿಸುತ್ತೇವೆ. ಈ ಎಂಟು ಜನ ಅದನ್ನು ಎಲ್ಲಿ, ಯಾರ ಮುಂದೆ, ಎಂಥ ಬೆಳಕಿನಲ್ಲಿ ತೆರೆಯುತ್ತಾರೆ ಅನ್ನುವುದು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. "ಎರಡು ದಿನ ನಿಮ್ಮ ಹುಡುಗರ ಜೊತೆ ತಿರುಗಾಡುತ್ತೇನೆ, ಆಮೇಲೆ ಹೇಳುತ್ತೇನೆ" ಅಂದೆ. ಅವರಿಗೆ ಸ್ವಲ್ಪ ವಿಚಿತ್ರ ಅನಿಸಿರಬೇಕು. ಆದರೂ ಒಪ್ಪಿದರು.

ಎರಡು ದಿನದ ತಿರುಗಾಟ

ಮೊದಲ ದಿನ ನವಲಗುಂದದ ಕಡೆ. ಬೈಕಿನಲ್ಲಿ. ಎರೆ ಮಣ್ಣಿನ ಹೊಲ, ಮಧ್ಯಾಹ್ನ ಒಂದು ಗಂಟೆ, ಮರದ ನೆರಳೂ ದೂರ. ಹುಡುಗ ಬದುವಿನ ಮೇಲೆ ಕುಳಿತು ಟ್ಯಾಬ್ಲೆಟ್ ತೆರೆದ. ರೈತರು ಪಕ್ಕದಲ್ಲಿ ಕುಳಿತರು. ನಾನು ಹಿಂದೆ ನಿಂತು ನೋಡಿದೆ. ತೆರೆಯಲ್ಲಿ ಕಂಡದ್ದು ಮೂರು ಜನರ ಮುಖ ಮತ್ತು ಆಕಾಶ.

ನೆತ್ತಿಯ ಬಿಸಿಲಿನ ಬೆಳಕು ಸುಮಾರು 1 ಲಕ್ಷ ಲಕ್ಸ್ (ಬೆಳಕು ಅಳೆಯುವ ಮಾನ) ಇರುತ್ತದೆ. ಕಚೇರಿಯ ಒಳಗೆ ನಾಲ್ಕೈದು ನೂರು ಇದ್ದರೆ ಹೆಚ್ಚು. ಸಾಮಾನ್ಯ ಟ್ಯಾಬ್ಲೆಟ್ಟಿನ ತೆರೆ ಒಳಗೆ ಕೂತು ನೋಡುವುದಕ್ಕೆ ಮಾಡಿದ್ದು. ಆದರೆ ಇಲ್ಲಿ ಅರ್ಧ ತಪ್ಪು ಸ್ಲೈಡಿನದ್ದೇ ಆಗಿತ್ತು. ಕಂಪನಿಯ ಬಣ್ಣ ಕಡುಹಸಿರು. ಹಾಗಾಗಿ ಸ್ಲೈಡಿನ ಹಿನ್ನೆಲೆಯೂ ಕಡುಹಸಿರು, ಅದರ ಮೇಲೆ ಹಳದಿ ಅಕ್ಷರ. ಹಾಲಿನಲ್ಲಿ ದೀಪ ಆರಿಸಿ ತೋರಿಸಿದರೆ ಚೆಂದ. ಬಿಸಿಲಿಗೆ ಬಂದರೆ ಕಡು ಬಣ್ಣದ ಹಿನ್ನೆಲೆಯ ಗಾಜು ಕನ್ನಡಿ ಆಗಿಬಿಡುತ್ತದೆ. ನಾನು ಅಲ್ಲೇ ಫೋನಿನಲ್ಲಿ ಒಂದು ಬಿಳಿ ಪುಟ ತೆರೆದು, ಕಪ್ಪು ಅಕ್ಷರದಲ್ಲಿ ದೊಡ್ಡದಾಗಿ ನಾಲ್ಕು ಪದ ಬರೆದು, ಬ್ರೈಟ್‌ನೆಸ್ ಪೂರ್ತಿ ಏರಿಸಿ ರೈತರ ಕೈಗೆ ಕೊಟ್ಟೆ. ಓದಿದರು. ಅದೇ ಬಿಸಿಲು, ಇನ್ನೂ ಸಣ್ಣ ತೆರೆ.

ಆ ಹೊಲದಲ್ಲೇ ಇನ್ನೊಂದು ಕಂಡೆ. ಕಂಪನಿಯ ಹಿರಿಯ ನೌಕರರೊಬ್ಬರು ನಮ್ಮ ಜೊತೆ ಬಂದಿದ್ದರು. ಎಲ್ಲರೂ ಅವರನ್ನು ಕಾಕಾ ಅಂತಲೇ ಕರೆಯುತ್ತಾರೆ. ಹುಡುಗನ ಸ್ಲೈಡು ಕಾಣದೆ ಹೋದಾಗ ಅವರು ಜೇಬಿನಿಂದ ಒಂದು ಗೇಣು ಉದ್ದದ 16 ಎಂಎಂ ಲ್ಯಾಟರಲ್ ಪೈಪಿನ, ಅಂದರೆ ಗಿಡದ ಸಾಲಿನುದ್ದಕ್ಕೂ ಹಾಸುವ ಪೈಪಿನ, ತುಂಡು ತೆಗೆದರು. ಉದ್ದಕ್ಕೆ ಸೀಳಿದ ತುಂಡು. ಒಳಗೆ ಅಂಟಿದ್ದ, ನೀರನ್ನು ಹನಿಯಾಗಿ ಬಿಡುವ ಡ್ರಿಪ್ಪರ್ ಕಾಣುತ್ತಿತ್ತು. ಬೆರಳಿನ ಉಗುರಿನಿಂದ ಅದರ ಮೇಲಿನ ಅಂಕುಡೊಂಕು ಗೆರೆ ತೋರಿಸುತ್ತಾ ಹೇಳಿದರು, "ಇಲ್ನೋಡ್ರಿ ಗೌಡ್ರ, ಹಾದಿ ಹೆಂಗ ಸುತ್ತಿ ಸುತ್ತಿ ಐತಿ. ಇದರಾಗ ನೀರು ಓಡಂಗಿಲ್ರಿ. ನಡೀತೈತಿ. ಮೊದಲನೇ ಗಿಡಕ್ಕೂ ಅಷ್ಟ, ಕಡೀ ಗಿಡಕ್ಕೂ ಅಷ್ಟ."

ಹನ್ನೆರಡು ಸ್ಲೈಡು ಹೇಳಬೇಕಾದ್ದನ್ನು ಅವರು ಅರ್ಧ ನಿಮಿಷದಲ್ಲಿ ಹೇಳಿದರು. ಗೌಡರು ಆ ತುಂಡನ್ನು ಇಸಿದುಕೊಂಡು ಬಾಯಿಯಿಂದ ಊದಿ ನೋಡಿದರು. ಆ ಹೊತ್ತಿಗೆ ನನ್ನ ತಲೆಯಲ್ಲಿ ಒಂದು ಮಾತು ಗಟ್ಟಿಯಾಯಿತು. ಪೈಪಿನ ತುಂಡು ಮಾಡುವ ಕೆಲಸವನ್ನು ತೆರೆಗೆ ಕೊಡಬಾರದು. ತುಂಡು ತೋರಿಸಲಾಗದ್ದು ಏನಿದೆಯೋ, ಅಂದರೆ ಒಂದು ವರ್ಷದ ನಂತರದ ಹೊಲ, ಖರ್ಚಿನ ಲೆಕ್ಕ, ಫಿಲ್ಟರ್ ತೊಳೆಯುವ ರೀತಿ, ಅಷ್ಟನ್ನು ಮಾತ್ರ ಕೊಡಬೇಕು.

ಎರಡನೇ ದಿನ ಎರಡು ಜಾಗ ನೋಡಿದೆ. ಬೆಳಿಗ್ಗೆ ಶಿರಹಟ್ಟಿ ಕಡೆಯ ಒಂದು ಸೊಸೈಟಿ. ಗೋಡೆಯ ಮೇಲೆ ಟಿವಿ ಇತ್ತು. ವೈಫೈ ಇರಲಿಲ್ಲ. ಮೊಬೈಲ್ ಸಿಗ್ನಲ್ ಬಾಗಿಲ ಹತ್ತಿರ ಬರುತ್ತಿತ್ತು, ಒಳಗೆ ಹೋದರೆ ಹೋಗುತ್ತಿತ್ತು. ಸಂಜೆ ಹುಬ್ಬಳ್ಳಿಯ ಹೋಟೆಲ್ ಹಾಲ್ ಒಂದರಲ್ಲಿ ಡೀಲರುಗಳ ಸಭೆ. ಅಲ್ಲಿ ಪ್ರೊಜೆಕ್ಟರ್, ಚಿತ್ರ ಕಳಿಸುವ ಹಳೇ ಬಗೆಯ ವಿಜಿಎ ಕೇಬಲ್, ಚೌಕಾಕಾರಕ್ಕೆ ಹತ್ತಿರದ ಪರದೆ. ಮೂರು ಜಾಗಗಳಿಗೂ ಒಂದೇ ಫೈಲು, ಒಂದೇ ಸಾಧನ ಸಾಕು ಅಂತ ಎಲ್ಲರೂ ಅಂದುಕೊಂಡಿದ್ದರು.

ಪವರ್‌ಪಾಯಿಂಟ್ 1987ರಲ್ಲಿ ಹೊರಬಂತು. ಅಮೆರಿಕದ ಫೋರ್‌ಥಾಟ್ ಅನ್ನುವ ಸಣ್ಣ ಕಂಪನಿಯಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನ್ನಿಸ್ ಆಸ್ಟಿನ್ ಅದನ್ನು ರೂಪಿಸಿದರು. ಮೊದಲ ಆವೃತ್ತಿ ಮ್ಯಾಕಿಂತೋಷ್‌ಗೆ ಮಾತ್ರ. ಓವರ್‌ಹೆಡ್ ಪ್ರೊಜೆಕ್ಟರ್ ಮೇಲೆ ಇಡುವ ಪಾರದರ್ಶಕ ಹಾಳೆಗಳನ್ನು ತಯಾರಿಸುವುದೇ ಅದರ ಕೆಲಸ. ಅದೇ ವರ್ಷ ಮೈಕ್ರೋಸಾಫ್ಟ್ 1.4 ಕೋಟಿ ಡಾಲರ್ ಕೊಟ್ಟು ಆ ಕಂಪನಿಯನ್ನೇ ಕೊಂಡಿತು. ಇದನ್ನು ಇಲ್ಲಿ ಯಾಕೆ ಹೇಳಿದೆ ಅಂದರೆ, ಒಬ್ಬರು ಎದ್ದು ನಿಂತು, ಉಳಿದವರು ಎದುರು ಕೂತು, ಗೋಡೆ ನೋಡುವ ಕೋಣೆಗಾಗಿ ಹುಟ್ಟಿದ್ದು ಅದು. ನಮ್ಮ ಹುಡುಗ ಬದುವಿನ ಮೇಲೆ ರೈತರ ಮಗ್ಗುಲಲ್ಲಿ ಕೂರುತ್ತಾನೆ. ಇಬ್ಬರ ಮೊಣಕಾಲೂ ತಾಗುವಷ್ಟು ಹತ್ತಿರ. ಅಲ್ಲಿ ಬೇಕಾದ್ದು ಭಾಷಣದ ಸ್ಲೈಡಲ್ಲ. ಇಬ್ಬರೂ ಸೇರಿ ನೋಡುವ ಆಲ್ಬಮ್ ಬೇಕು.

ಅಕ್ಷರದ ಕಥೆ

ಈಗ ಆ "ಯಾವ ಭಾಷಾ" ಪ್ರಶ್ನೆಗೆ ಬರೋಣ. ನನ್ನ ಜಾಸ್ತಿ ಸಮಯ ಹೋದದ್ದು ಇಲ್ಲೇ. ಕನ್ನಡದಲ್ಲಿ ವ್ಯಾಪಾರ ಮಾಡುವ ಯಾರಿಗಾದರೂ ಇದು ಎದುರಾಗುತ್ತದೆ.

ಸ್ಲೈಡುಗಳನ್ನು ಮಾಡಿದ್ದು ಹುಬ್ಬಳ್ಳಿಯ ಒಬ್ಬ ಡಿಟಿಪಿ ಕೆಲಸಗಾರ. ಚೆನ್ನಾಗಿ ಮಾಡಿದ್ದ. ಬಳಸಿದ್ದು ಕನ್ನಡ ಬರೆಯುವ ಸಾಫ್ಟ್‌ವೇರ್ ಆದ ನುಡಿಯ ಹಳೇ ಫಾಂಟು. ನುಡಿ, ಬರಹ ಅನ್ನುವ ಈ ಸಾಫ್ಟ್‌ವೇರ್‌ಗಳು ಇಲ್ಲದಿದ್ದರೆ ಕನ್ನಡದಲ್ಲಿ ಕಂಪ್ಯೂಟರ್ ಕೆಲಸ ಇಷ್ಟು ಬೆಳೆಯುತ್ತಲೇ ಇರಲಿಲ್ಲ, ಅದನ್ನು ಮರೆಯುವ ಹಾಗಿಲ್ಲ. ಆದರೆ ಆ ಹಳೇ ಫಾಂಟುಗಳ ರೀತಿ ಬೇರೆ. ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳೇ. ಆ ಸಂಖ್ಯೆಗಳಿಗೆ ಕನ್ನಡದ ಚಿತ್ರ ತೊಡಿಸುವುದು ಫಾಂಟು. ಪೌಂಡ್ ಚಿಹ್ನೆಯ ಜಾಗದಲ್ಲಿ 'ನ'ದ ಭಾಗ ಕೂತಿರುತ್ತದೆ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಎಲ್ಲ ಸರಿ. ಫಾಂಟು ಇಲ್ಲದ ಟ್ಯಾಬ್ಲೆಟ್ಟಿನಲ್ಲಿ ಅಂಗಿ ಕಳಚಿದ ಹಾಗೆ, ಒಳಗಿದ್ದ ಇಂಗ್ಲಿಷ್ ಅಕ್ಷರ ಹೊರಗೆ ಬರುತ್ತದೆ. ಟ್ಯಾಬ್ಲೆಟ್ಟಿನ ತಪ್ಪಿಲ್ಲ ಅಂದದ್ದು ಇದಕ್ಕೇ.

ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡದ ಅಕ್ಷರಗಳಿಗೆ ಅದರಲ್ಲಿ ಸ್ವಂತ ಸಂಖ್ಯೆಗಳಿವೆ. ಫಾಂಟು ಬದಲಾದರೂ 'ನ' 'ನ'ವೇ ಆಗಿರುತ್ತದೆ. ಈಗಿನ ನುಡಿಯಲ್ಲೂ ಯುನಿಕೋಡ್ ಬರವಣಿಗೆ ಇದೆ. ಹಾಗಾಗಿ ಮೊದಲ ಕೆಲಸ, ಇದ್ದ ನಲವತ್ತೂ ಚಿಲ್ಲರೆ ಸ್ಲೈಡುಗಳನ್ನು ಯುನಿಕೋಡಿಗೆ ತರುವುದು.

ಕನ್ವರ್ಟರ್ ಇದೆ, ಹಾಕಿದರೆ ಆಯಿತು ಅಂತ ಅಂದುಕೊಂಡರೆ ತಪ್ಪು. ಎರಡು ಕಡೆ ಅದು ಎಡವಿತು. ಒಂದು, ಅರ್ಕಾವತ್ತು. 'ಖರ್ಚು', 'ವರ್ಷ', 'ಇಳುವರಿ ಖಾತರಿ ಮಾರ್ಗ' ಇಂಥ ಕಡೆ ನಾವು ಕಣ್ಣಿಗೆ ಕಾಣುವ ಕ್ರಮದಲ್ಲಿ ನೋಡಿದರೆ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ. ಹಳೇ ಫಾಂಟಿನಲ್ಲಿ ಸಂಖ್ಯೆಯೂ ಅದೇ ಕ್ರಮದಲ್ಲಿ. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಅಂದರೆ 'ರ್' ಮೊದಲು. ಈ ಅದಲುಬದಲು ಕೆಲವು ಕಡೆ ಸರಿ ಆಯಿತು, ಕೆಲವು ಕಡೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಅಂಟಿತು. ಎರಡನೆಯದು ಇನ್ನೂ ಕೆಟ್ಟದ್ದು. ಸ್ಲೈಡಿನ ನಡುವೆ ಇಂಗ್ಲಿಷಿನಲ್ಲೇ ಬರೆದಿದ್ದ, ಪೈಪಿನ ಪ್ಲಾಸ್ಟಿಕ್ಕಿನ ಬಗೆ ಹೇಳುವ ಪಿವಿಸಿ, ಎಚ್‌ಡಿಪಿಇ ಅನ್ನುವ ಪದಗಳನ್ನೂ ಅದು ನುಡಿ ಅಂತಲೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡಿತು. ಪೈಪಿನ ಅಳತೆಯ ಪಕ್ಕದಲ್ಲಿ ಹಾಗಾದರೆ ವ್ಯಾಪಾರವೇ ಕೆಡುತ್ತದೆ. ಕಚೇರಿಯಲ್ಲಿ ಲೆಕ್ಕ ನೋಡುವ ಅಕ್ಕನೂ ನಾನೂ ಮೂರು ಸಂಜೆ ಕೂತು ಪುಟ ಪುಟ ಓದಿ ತಿದ್ದಿದೆವು. ಅವರ ಕಣ್ಣು ನನ್ನ ಕಣ್ಣಿಗಿಂತ ಚುರುಕು.

ತಿದ್ದಿದ ಮೇಲೆ ಇನ್ನೊಂದು ತೊಡಕು. ವಿಂಡೋಸ್ ಕಂಪ್ಯೂಟರಿನಲ್ಲಿ ಕನ್ನಡ ನಿರ್ಮಲಾ ಯುಐ ಫಾಂಟಿನಲ್ಲಿತ್ತು. ಅದೇ ಫೈಲು ಆಂಡ್ರಾಯ್ಡ್‌ನಲ್ಲಿ ತೆರೆದರೆ ನೋಟೋ ಸ್ಯಾನ್ಸ್ ಕನ್ನಡಕ್ಕೆ ಬದಲಾಯಿತು. ಅಕ್ಷರ ಸರಿ ಇದ್ದವು, ಅಗಲ ಬೇರೆ. ಎರಡು ಸಾಲಿನಲ್ಲಿ ಇದ್ದದ್ದು ಮೂರು ಸಾಲಾಗಿ, ಕೊನೆಯ ಸಾಲು ಚಿತ್ರದ ಮೇಲೆ ಬಿತ್ತು. ಕನ್ನಡದಲ್ಲಿ ಇದು ಇಂಗ್ಲಿಷಿಗಿಂತ ಜಾಸ್ತಿ ಕಾಡುತ್ತದೆ. ಪದಗಳು ಉದ್ದ, ಒತ್ತಕ್ಷರಗಳು ಸಾಲಿನ ಕೆಳಗೂ ಇಳಿಯುತ್ತವೆ. ಉಪಾಯ ಸುಲಭವಾಗಿತ್ತು. ನೋಟೋ ಸ್ಯಾನ್ಸ್ ಕನ್ನಡ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಫಾಂಟು. ಅದನ್ನೇ ಕಚೇರಿಯ ಕಂಪ್ಯೂಟರಿಗೂ ಹಾಕಿದೆವು. ಬರೆಯುವಾಗಲೂ ತೋರಿಸುವಾಗಲೂ ಒಂದೇ ಫಾಂಟು. ಜೊತೆಗೆ ಒಂದು ನಿಯಮ: ಪ್ರತಿ ಬಾಕ್ಸಿನಲ್ಲಿ ಮೂರನೇ ಒಂದು ಭಾಗ ಖಾಲಿ ಬಿಡಬೇಕು.

ಯಾವ ಸಾಫ್ಟ್‌ವೇರ್?

ನಾಲ್ಕು ನೋಡಿದೆವು. ಆಪಲ್‌ನ ಕೀನೋಟ್ ಬೇಗ ಬಿಟ್ಟೆವು. ಒಳ್ಳೆಯದೇ, ಆದರೆ ಕಚೇರಿಯಲ್ಲಿ ಎಲ್ಲವೂ ವಿಂಡೋಸ್. ಲಿಬ್ರೆಆಫೀಸ್ ಇಂಪ್ರೆಸ್ ನನಗೆ ಇಷ್ಟದ್ದು. ಉಚಿತ, ಕನ್ನಡ ಚೆನ್ನಾಗಿ ಮೂಡುತ್ತದೆ. ಕಂಪನಿಯಲ್ಲಿ ಪವರ್‌ಪಾಯಿಂಟ್ ಲೈಸೆನ್ಸ್ ಇಲ್ಲದೇ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದೆ. ಆದರೆ ಒಂದು ಲೈಸೆನ್ಸ್ ಆಗಲೇ ಇತ್ತು, ಲೆಕ್ಕದ ಅಕ್ಕನಿಗೆ ಅದರಲ್ಲಿ ಕೈ ಕುಳಿತಿತ್ತು. ಕೈ ಕುಳಿತ ಸಾಧನವನ್ನು ಬಿಡಿಸುವುದು ಸುಮ್ನೆ ಖರ್ಚು.

ಗೂಗಲ್ ಸ್ಲೈಡ್ಸ್ ಬಗ್ಗೆ ಹೆಚ್ಚು ಯೋಚಿಸಿದೆವು. ಕಚೇರಿಯಲ್ಲಿ ಒಬ್ಬರು ತಿದ್ದಿದರೆ ಎಂಟೂ ಜನಕ್ಕೆ ಆ ಕ್ಷಣವೇ ತಲುಪುತ್ತದೆ, ಅದು ದೊಡ್ಡ ಅನುಕೂಲ. ಆದರೆ ನೆಟ್ ಇಲ್ಲದ ಕಡೆ ಬೇಕಾದರೆ ಮುಂಚೆಯೇ ಆ ಫೈಲನ್ನು ಆಫ್‌ಲೈನ್ ಮಾಡಿ ಇಟ್ಟಿರಬೇಕು. ಒಬ್ಬ ಮರೆತರೆ ಶಿರಹಟ್ಟಿಯ ಆ ಸೊಸೈಟಿಯಲ್ಲಿ ಬಾಗಿಲ ಹತ್ತಿರ ನಿಂತು ಸಿಗ್ನಲ್ ಹುಡುಕಬೇಕಾಗುತ್ತದೆ.

ಮೈಕ್ರೋಸಾಫ್ಟ್‌ನ ಒಂದು ಷರತ್ತು ಟ್ಯಾಬ್ಲೆಟ್ ಕೊಳ್ಳುವವರಿಗೆ ಗೊತ್ತಿರಬೇಕು. ತೆರೆ 10.1 ಇಂಚು ಅಥವಾ ಅದಕ್ಕಿಂತ ಚಿಕ್ಕದಿದ್ದರೆ ಮೊಬೈಲ್ ಆಪ್‌ನಲ್ಲಿ ಪವರ್‌ಪಾಯಿಂಟ್ ಫೈಲನ್ನು ಸ್ವಂತ ಬಳಕೆಗೆ ಉಚಿತವಾಗಿ ತಿದ್ದಬಹುದು. ಅದಕ್ಕಿಂತ ದೊಡ್ಡದಾದರೆ ನೋಡಬಹುದು, ತಿದ್ದಲು ಮೈಕ್ರೋಸಾಫ್ಟ್ 365 ಚಂದಾ ಬೇಕು. ಇವತ್ತು ಅಂಗಡಿಯಲ್ಲಿ ಸಿಗುವ ಬಹಳಷ್ಟು ಟ್ಯಾಬ್ಲೆಟ್‌ಗಳು 11 ಇಂಚಿನ ಆಸುಪಾಸು. ಎಂಟು ಜನಕ್ಕೆ ಪ್ರತಿ ವರ್ಷ ಚಂದಾ ಅಂದರೆ ಸಣ್ಣ ಕಂಪನಿಗೆ ಭಾರ ಅಲ್ವಾ?

ನಾನು ಮಾಲೀಕರಿಗೆ ಕೇಳಿದೆ, "ಹೊಲದಾಗ ಕೂತು ನಿಮ್ಮ ಹುಡುಗರು ಸ್ಲೈಡು ತಿದ್ದೋದು ಏನೈತ್ರಿ?" ಅವರು ಯೋಚಿಸಿ ಹೇಳಿದರು, "ತಿದ್ದೋದು ಏನೂ ಇಲ್ರಿ. ರೇಟು ಒಂದ ಬದಲಾಗ್ತೈತಿ, ಅದನ್ನ ನಾವ ಹೇಳ್ಬೇಕು."

ಅಲ್ಲಿಗೆ ನಿರ್ಧಾರ ಆಯಿತು. ಕಚೇರಿಯಲ್ಲಿ ಪವರ್‌ಪಾಯಿಂಟಿನಲ್ಲಿ ತಯಾರಿ. ಹೊರಗೆ ಹೋಗುವುದು ಪಿಡಿಎಫ್. ಪಿಡಿಎಫ್‌ನಲ್ಲಿ ಫಾಂಟು ಫೈಲಿನೊಳಗೇ ಕೂತಿರುತ್ತದೆ, ಸಾಲು ಜಿಗಿಯುವುದಿಲ್ಲ, ಅರ್ಕಾವತ್ತು ಅಲುಗುವುದಿಲ್ಲ. ಚಂದಾ ಬೇಕಿಲ್ಲ, ನೆಟ್ ಬೇಕಿಲ್ಲ. ಆನಿಮೇಷನ್ ಹೋಗುತ್ತದೆ ನಿಜ. ಒಂದೇ ಒಂದು ಕಡೆ ಅದು ಬೇಕಿತ್ತು: ಬೋರಿನಿಂದ ಫಿಲ್ಟರ್, ಮೇನ್ ಪೈಪು, ಸಬ್‌ಮೇನ್, ಲ್ಯಾಟರಲ್ ದಾಟಿ ನೀರು ಗಿಡಕ್ಕೆ ಹೋಗುವುದು. ಅದನ್ನು ಐದು ಪುಟ ಮಾಡಿದೆವು. ಪ್ರತಿ ಪುಟದಲ್ಲಿ ಒಂದು ಭಾಗ ಹೆಚ್ಚಾಗುತ್ತದೆ. ಬೆರಳಿನಿಂದ ಸರಿಸುತ್ತಾ ಹೋದರೆ ನೀರು ಹರಿದ ಹಾಗೇ ಕಾಣುತ್ತದೆ. ಫಿಲ್ಟರ್ ಬಿಚ್ಚಿ ತೊಳೆಯುವುದಕ್ಕೆ ಫೋನಿನಲ್ಲೇ ತೆಗೆದ ಒಂದೂವರೆ ನಿಮಿಷದ ವಿಡಿಯೊ ಬೇರೆ ಇಟ್ಟೆವು.

ನಲವತ್ತೂ ಚಿಲ್ಲರೆ ಸ್ಲೈಡುಗಳಲ್ಲಿ ಉಳಿದದ್ದು ಹದಿನಾಲ್ಕು. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಕಂಪನಿಯ ಹಸಿರು ಬರೀ ಮೇಲಿನ ಒಂದು ಪಟ್ಟಿಯಲ್ಲಿ. ಮೊದಲ ಪುಟ ಕಾಕಾ ಅವರದ್ದು: ಸೀಳಿದ ಪೈಪಿನ ತುಂಡಿನ ಫೋಟೊ, ತೆರೆ ತುಂಬ. ಎಂಟೂ ಜನರ ಬ್ಯಾಗಿಗೆ ಅಂಥದ್ದೇ ಒಂದು ನಿಜವಾದ ತುಂಡು. ದರ ಮತ್ತು ಸಬ್ಸಿಡಿಯ ಲೆಕ್ಕ ಬೇರೆ ಒಂದೇ ಪುಟದ ಫೈಲು. ಸಬ್ಸಿಡಿಯ ನಿಯಮ ಬದಲಾಗುತ್ತಲೇ ಇರುತ್ತದೆ. ಅದಕ್ಕಾಗಿ ಇಡೀ ಫೈಲು ಮತ್ತೆ ಕಳಿಸುವುದು ಬೇಡ.

ಕೈಯಲ್ಲಿ ಹಿಡಿಯುವ ಸಾಧನ

"ಎಲ್ಲರ ಹತ್ರ ಫೋನ್ ಐತಲ್ರಿ, ಅದರಾಗ ತೋರಿಸಿದ್ರ ಆಗಂಗಿಲ್ಲೇನು?" ಅಂತ ಒಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಒಬ್ಬರ ಮುಂದೆ ಆದೀತು. ನಾಲ್ಕು ಜನ ಬಗ್ಗಿ ನೋಡಬೇಕಾದರೆ ಆಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಸ್ವಂತ ಫೋನನ್ನು ಬೇರೆಯವರ ಕೈಗೆ ಕೊಟ್ಟಾಗ ಮನೆಯ ಮಾತು, ಬ್ಯಾಂಕಿನ ಮೆಸೇಜು ಮೇಲಿಂದ ಇಳಿಯುತ್ತವೆ. ನೌಕರನ ಮನೆ ವಿಷಯ ಕಂಪನಿಯ ವ್ಯಾಪಾರದ ನಡುವೆ ಬರುವುದು ಸರಿಯಲ್ಲ. ಹಾಗಾಗಿ ಕಂಪನಿಯ ಟ್ಯಾಬ್ಲೆಟ್ ಬೇಕೇ ಬೇಕಿತ್ತು.

ಎಂಟಕ್ಕೂ ಒಂದೇ ಬೇಡ ಅಂದೆ. ಹೊಲ ಮತ್ತು ಸೊಸೈಟಿಗೆ ಹೋಗುವ ಆರು ಜನಕ್ಕೆ 20,000 ರೂಪಾಯಿ ಆಸುಪಾಸಿನ 11 ಇಂಚಿನ ಆಂಡ್ರಾಯ್ಡ್. ಡೀಲರುಗಳ ಸಭೆ, ಬೆಂಗಳೂರಿನ ಕಚೇರಿಗಳಿಗೆ ಹೋಗುವ ಇಬ್ಬರಿಗೆ ಐಪ್ಯಾಡ್. ಈ ವ್ಯತ್ಯಾಸಕ್ಕೆ ಕಾರಣ ಅಂತಸ್ತಲ್ಲ, ಕೇಬಲ್.

ಟೈಪ್-ಸಿ ತೂತು ಎಲ್ಲದರಲ್ಲೂ ಒಂದೇ ಥರ ಕಾಣುತ್ತದೆ. ಆದರೆ ಎಲ್ಲ ತೂತಿನಿಂದಲೂ ಚಿತ್ರ ಹೊರಗೆ ಬರುವುದಿಲ್ಲ. ಅದಕ್ಕೆ ಡಿಸ್‌ಪ್ಲೇಪೋರ್ಟ್ ಸೌಲಭ್ಯ ಒಳಗೇ ಇರಬೇಕು. ಕಡಿಮೆ ಬೆಲೆಯ ಬಹಳಷ್ಟು ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಲ್ಲಿ ಅದು ಇರುವುದಿಲ್ಲ. ಆ ತೂತಿನಿಂದ ಚಾರ್ಜ್ ಆಗುತ್ತದೆ, ಫೈಲು ಹೋಗುತ್ತದೆ, ಟಿವಿಗೆ ಚಿತ್ರ ಹೋಗುವುದಿಲ್ಲ. 2022ರಲ್ಲಿ ಬಂದ 10ನೇ ತಲೆಮಾರಿನ ಐಪ್ಯಾಡ್‌ನ ಟೈಪ್-ಸಿಗೆ, ಈಗಿನ ಟಿವಿ-ಪ್ರೊಜೆಕ್ಟರುಗಳ ಕೇಬಲ್ ಹಿಡಿಸುವ ಎಚ್‌ಡಿಎಂಐ ಅಡಾಪ್ಟರ್ ಹಾಕಿ ಪ್ರೊಜೆಕ್ಟರಿಗೆ ಚಿತ್ರ ಕಳಿಸಬಹುದು. ಅಡಾಪ್ಟರ್ ಪೆಟ್ಟಿಗೆಯ ಮೇಲೆ ಬರೆದದ್ದು ನಂಬಿ ಕೊಂಡು, ಹಾಲಿಗೆ ಹೋಗಿ, ಕಪ್ಪು ಪರದೆ ನೋಡಿದವರನ್ನು ನಾನು ಬಹಳ ಕಂಡಿದ್ದೇನೆ. ಹಳೇ ಹಾಲುಗಳಿಗಾಗಿ ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಇನ್ನೊಂದು ಸಣ್ಣ ಅಡಾಪ್ಟರೂ ಚೀಲದಲ್ಲಿ ಸೇರಿತು.

ಐಪ್ಯಾಡ್ ಹೊಲಕ್ಕೆ ಯಾಕೆ ಬೇಡ ಅಂದೆ ಅಂದರೆ, ಬೆಲೆ ಒಂದು. ಇನ್ನೊಂದು, ಸುತ್ತಲಿನ ಬಿಸಿ 35 ಡಿಗ್ರಿ ಮೀರದ ಕಡೆ ಬಳಸಿ ಅಂತ ಆಪಲ್ಲೇ ಹೇಳುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ಮಧ್ಯಾಹ್ನ ಅದು ಮೀರುತ್ತದೆ. ಆಂಡ್ರಾಯ್ಡ್‌ಗೂ ಬಿಸಿಲು ಒಳ್ಳೆಯದಲ್ಲ. ಎರಡಕ್ಕೂ ಒಂದೇ ಮಾತು: ಬೈಕಿನ ಟ್ಯಾಂಕ್ ಮೇಲಿನ ಬ್ಯಾಗಿನಲ್ಲಿ ಇಡಬೇಡಿ, ಬೆನ್ನಿಗೆ ಹಾಕುವ ಬ್ಯಾಗಿನಲ್ಲಿ ಇಡಿ.

ಹಾಗಾದರೆ ಸೊಸೈಟಿಯ ಟಿವಿಗೆ ಏನು ಮಾಡುವುದು? ಉತ್ತರ ಪೆನ್‌ಡ್ರೈವ್. ಈಗಿನ ಬಹಳಷ್ಟು ಟಿವಿಗಳಿಗೆ ಯುಎಸ್‌ಬಿ ತೂತು ಇರುತ್ತದೆ, ಫೋಟೊ ಮತ್ತು ವಿಡಿಯೊ ಓಡುತ್ತವೆ. ಪವರ್‌ಪಾಯಿಂಟಿನಲ್ಲಿ ಎಲ್ಲ ಸ್ಲೈಡುಗಳನ್ನೂ ಜೆಪೆಗ್ ಚಿತ್ರಗಳಾಗಿ ಉಳಿಸಬಹುದು. ಟಿವಿಯ ರಿಮೋಟಿನಲ್ಲಿ ಮುಂದೆ-ಹಿಂದೆ ಒತ್ತಿದರೆ ಆಯಿತು. ಮೊದಲ ಸಲ ಹಾಕಿದಾಗ ಒಂದನೇ ಸ್ಲೈಡು ಆದ ಮೇಲೆ ಹತ್ತನೆಯದು ಬಂತು, ಆಮೇಲೆ ಹನ್ನೊಂದು. ಎರಡನೆಯದು ಎಲ್ಲೋ ಹಿಂದೆ. ಟಿವಿ ಹೆಸರನ್ನು ಅಕ್ಷರ ಕ್ರಮದಲ್ಲಿ ಓದುತ್ತದೆ, 1 ಆದ ಮೇಲೆ ಅದಕ್ಕೆ 10 ಕಾಣುತ್ತದೆ. ಹೆಸರನ್ನು 01, 02, 03 ಅಂತ ಬದಲಿಸಿದ ಮೇಲೆ ಸರಿ ಹೋಯಿತು. ಪೆನ್‌ಡ್ರೈವ್ ಅನ್ನು ಫ್ಯಾಟ್32 ಅನ್ನುವ ಹಳೇ ರೀತಿಗೆ ಫಾರ್ಮ್ಯಾಟ್ ಮಾಡಿದೆವು, ಹಳೇ ಟಿವಿಗಳು ಬೇರೆಯದನ್ನು ಓದದೆ ಇರಬಹುದು. ಎಂಟು ಜನಕ್ಕೆ ಎಂಟು ಪೆನ್‌ಡ್ರೈವ್. ಇಡೀ ಯೋಜನೆಯಲ್ಲಿ ಅತಿ ಕಡಿಮೆ ಖರ್ಚಿನದ್ದು ಇದು, ಅತಿ ಹೆಚ್ಚು ಕೆಲಸಕ್ಕೆ ಬಂದದ್ದೂ ಇದೇ.

ಸಭೆಗೆ ಹೋಗುವ ಇಬ್ಬರಿಗೆ ಕೈಯಲ್ಲಿ ಹಿಡಿದು ಸ್ಲೈಡು ಬದಲಿಸುವ ಕ್ಲಿಕ್ಕರ್ ಒಂದು ಕೊಡಿಸಿದೆವು. ಲೇಸರ್ ಇರುವುದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ ಅಂದೆ. ಬಟ್ಟೆಯ ಪರದೆ ಮೇಲೆ ಆ ಕೆಂಪು ಚುಕ್ಕಿ ಕಾಣುತ್ತದೆ, ಟಿವಿಯ ಗಾಜಿನ ಮೇಲೆ ಸರಿಯಾಗಿ ಕಾಣುವುದಿಲ್ಲ.

ಆರು ತಿಂಗಳ ನಂತರ

ಎಲ್ಲರಿಗೂ ಅರ್ಧ ದಿನ ಹೇಳಿಕೊಟ್ಟೆ. ಮೂರೇ ಮೂರು ಪಾಠ. ಬೆಳಿಗ್ಗೆ ಹೊರಡುವ ಮೊದಲು ಕಚೇರಿಯ ವೈಫೈನಲ್ಲಿ, ಕಚೇರಿಯವರು ಫೈಲು ಹಾಕುವ ಹಂಚಿಕೆಯ ಫೋಲ್ಡರ್ ತೆರೆದು ಹೊಸದು ಬಂದಿದೆಯೇ ನೋಡುವುದು. ತೋರಿಸುವ ಮೊದಲು ಬ್ರೈಟ್‌ನೆಸ್ ಪೂರ್ತಿ ಏರಿಸುವುದು. ಬೇರೆಯವರ ಕೈಗೆ ಕೊಡುವಾಗ ಆಪ್ ಪಿನ್ ಮಾಡುವುದು, ಆಗ ಬೆರಳು ತಾಗಿದರೂ ಬೇರೆ ಕಡೆ ಹೋಗುವುದಿಲ್ಲ.

ಕಾಕಾ ಟ್ಯಾಬ್ಲೆಟ್ ಬೇಡ ಅಂದರು. "ನನಗ ಪುಸ್ತಕ ಮಾಡಿ ಕೊಡ್ರಿ, ಸಾಕು." ಹದಿನಾಲ್ಕು ಪುಟಗಳನ್ನೂ ಎ4 ಅಳತೆಯಲ್ಲಿ ಮುದ್ರಿಸಿ, ಲ್ಯಾಮಿನೇಟ್ ಮಾಡಿ, ಸ್ಪೈರಲ್ ಹಾಕಿಸಿದೆವು. ನವಲಗುಂದದ ಆ ಹೊಲದಲ್ಲಿ ಅದೇ ಹೊತ್ತಿಗೆ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಕಾಗದವೇ ಗೆದ್ದಿತು. ಬಿಸಿಲು ಜಾಸ್ತಿ ಆದಷ್ಟೂ ಕಾಗದ ಇನ್ನೂ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಪುಸ್ತಕವನ್ನು ಉಳಿದವರಿಗೂ ಮಾಡಿಸಿದೆವು. ಕಾಕಾ ಅವರ ಪಾಲಿನ ಟ್ಯಾಬ್ಲೆಟ್ ಕಚೇರಿಯಲ್ಲಿ ಬಿಡಿಯಾಗಿ ಉಳಿಯಿತು. ಮೂರನೇ ತಿಂಗಳಲ್ಲಿ ಒಬ್ಬನದು ಬೈಕಿನಿಂದ ಬಿದ್ದು ಗಾಜು ಒಡೆದಾಗ ಅದು ಕೆಲಸಕ್ಕೆ ಬಂತು. ಗಟ್ಟಿ ಕವರ್ ಮೊದಲೇ ಕೊಡಿಸಬೇಕಿತ್ತು. ಆ ಖರ್ಚು ಉಳಿಸೋಣ ಅಂದದ್ದು ನಾನೇ, ಅದು ತಪ್ಪು ಲೆಕ್ಕ.

ಇನ್ನೊಂದು ತಪ್ಪು ದೊಡ್ಡದು. ಒಬ್ಬ ಹುಡುಗ ಎರಡು ವಾರ ಫೋಲ್ಡರ್ ತೆರೆದಿರಲಿಲ್ಲ. ಒಂದು ಸೊಸೈಟಿಯಲ್ಲಿ ಹಳೇ ದರ ತೋರಿಸಿದ. ರೈತರು ಅದನ್ನು ಫೋಟೊ ಹಿಡಿದಿದ್ದರು. ಮಾಲೀಕರು ಆ ದರಕ್ಕೇ ಕೊಟ್ಟರು, ನಷ್ಟ ಹೊತ್ತರು. ಆಮೇಲೆ ದರದ ಪುಟದ ಬಲ ಮೇಲ್ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ "ಈ ದರ ಇಂಥ ದಿನಾಂಕದವರೆಗೆ" ಅಂತ ಹಾಕಿದೆವು. ಈಗ ದಿನಾಂಕ ದಾಟಿದ್ದರೆ ರೈತರೇ ತೋರಿಸಿ ಕೇಳುತ್ತಾರೆ.

ಹಾಲಿನ ಚೌಕ ಪರದೆಯ ತೊಂದರೆ ಮಾತ್ರ ಇನ್ನೂ ಪೂರ್ತಿ ಮುಗಿದಿಲ್ಲ. ಅಗಲವಾದ ಸ್ಲೈಡು ಅಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಚಿಕ್ಕದಾಗಿ ಕಾಣುತ್ತದೆ. ಹಿಂದಿನ ಸಾಲಿನವರಿಗೆ ಓದಲು ಕಷ್ಟ. ಡೀಲರುಗಳ ಸಭೆಗೆ ಅಂತಲೇ ಬೇರೆ ಅಳತೆಯ ಫೈಲು ಮಾಡುವ ಯೋಚನೆ ಇದೆ.

ಕಳೆದ ತಿಂಗಳು ಇಬ್ಬರು ಹೊಸಬರು ಸೇರಿದರು. ಈ ಸಲ ಮಾಲೀಕರು ನನ್ನನ್ನು ಕರೆಯಲಿಲ್ಲ. ನಾನು ಹಿಂದೆ ಕೊಟ್ಟಿದ್ದ ಒಂದು ಪೆನ್‌ಡ್ರೈವ್ ಅವರ ಹತ್ತಿರ ಇತ್ತು. ಅದರಲ್ಲಿ ಪರೀಕ್ಷೆಗೆ ಅಂತಲೇ ಒಂದು ಪವರ್‌ಪಾಯಿಂಟ್ ಪುಟ. 'ಖರ್ಚು, ವರ್ಷ, ರಾಷ್ಟ್ರ, ಸ್ತ್ರೀ, ಜ್ಞಾನ, ಕೃಷಿ' ಅನ್ನುವ ಆರು ಪದ, ಕೆಳಗೆ ಒಂದು ಹೊಲದ ಫೋಟೊ. ಅದನ್ನೂ ಎಚ್‌ಡಿಎಂಐ ಅಡಾಪ್ಟರನ್ನೂ ಹಿಡಿದುಕೊಂಡು ಅವರೇ ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಅಂಗಡಿಗೆ ಹೋದರು. ಅಂಗಡಿಯ ಟಿವಿಗೆ ಹಚ್ಚಿಸಿದರು. ಮೊದಲನೆಯದರಲ್ಲಿ ಚಿತ್ರ ಬರಲಿಲ್ಲ, ಎರಡನೆಯದರಲ್ಲಿ ಬಂತು. ಪದಗಳನ್ನು ಒಂದೊಂದಾಗಿ ಓದಿದರು. ಆಮೇಲೆ ಟ್ಯಾಬ್ಲೆಟ್ ಹಿಡಿದು ಅಂಗಡಿಯಿಂದ ಹೊರಗೆ ಫುಟ್‌ಪಾತಿಗೆ ಬಂದರು. ಅಲ್ಲಿಂದಲೇ ನನಗೆ ಫೋನ್.

"ಸರ, ನಡು ಮಧ್ಯಾಹ್ನದ ಬಿಸಲಾಗ ನಿಂತೀನಿ. ಖರ್ಚಿನ ಅರ್ಕಾವತ್ತು ಕಾಣಾಕತ್ತೈತ್ರಿ. ಎರಡು ತಗೊಳ್ಳೇನು?"